ಫ್ರಿಜ್ಜಿನೊಳಗೆ ಗಾಡಿಯ ಕೀ

ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವ ಕೆಲವರಲ್ಲಿ ಒಂದು ರೂಢಿ ಇದೆ. ಮೈಕಿನ ಮುಂದೆ ನಿಲ್ಲುವ ಮುಂಚೆ ಗುಂಯ್‌ಗುಡುವ ಫ್ರಿಜ್ ಆರಿಸಿ, ಗಾಡಿಯ ಕೀಯನ್ನು ಅದರೊಳಗೆ ಮೊಸರಿನ ಪಾತ್ರೆಯ ಪಕ್ಕ ಇಟ್ಟುಬಿಡುವುದು. ಹಾಡಿನ ಗುಂಗಿನಲ್ಲಿ ಫ್ರಿಜ್ ಮರೆತೇಹೋದರೂ ಕೆಲಸಕ್ಕೆ ಹೊರಡುವಾಗ ಕೀ ಹುಡುಕಲೇಬೇಕು, ಹುಡುಕಿದಾಗ ಸ್ವಿಚ್ ನೆನಪಾಗಲೇಬೇಕು. ಸಿನಿಮಾದ ಧ್ವನಿಗ್ರಾಹಕರೂ ಬೇರೆಯವರ ಮನೆಗಳಲ್ಲಿ ಶೂಟಿಂಗ್ ನಡೆಯುವಾಗ ಬಳಸುವ ಉಪಾಯ ಇದು. ಶಿವಮೊಗ್ಗದಲ್ಲಿರುವ ನನ್ನ ಗೆಳತಿಯೊಬ್ಬಳು ಇದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡಿದ್ದಾಳೆ.

ಅವಳು ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು, ಹೊತ್ತುಹೊತ್ತಿಗೆ ಮಾತ್ರೆ ಕೊಡಬೇಕಾದ ಅತ್ತೆ, ಅಂಗಡಿ ಮುಚ್ಚಿ ತಡವಾಗಿ ಬರುವ ಗಂಡ. ಇದರ ಮೇಲೆ ಚುನಾವಣಾ ಡ್ಯೂಟಿ, ಮನೆಮನೆ ಸಮೀಕ್ಷೆ, ಮೌಲ್ಯಮಾಪನ. ಸರ್ಕಾರಕ್ಕೆ ಏನನ್ನು ಎಣಿಸಬೇಕೆನಿಸಿದರೂ ಮೊದಲು ನೆನಪಾಗುವವರು ಮೇಷ್ಟ್ರುಗಳೇ. ಇಷ್ಟರ ನಡುವೆ ಅವಳು ತನಗಿಷ್ಟವಾದ ಕವಿತೆಗಳಿಗೆ ರಾಗ ಹಾಕುತ್ತಾಳೆ, ಹಾರ್ಮೋನಿಯಂ ನುಡಿಸುತ್ತಾಳೆ, ಹಾಡುತ್ತಾಳೆ, ಎಲ್ಲವನ್ನೂ ಕೇಳುವ ಹಾಗೆ ಧ್ವನಿಮುದ್ರಿಸುತ್ತಾಳೆ. ಇದಕ್ಕೆಲ್ಲ ಟೈಮ್ ಎಲ್ಲಿಂದ ತರ್ತೀಯ ಎಂದು ಕೇಳಿದರೆ, "ಟೈಮ್ ಎಲ್ಲಿ ಸಿಗುತ್ತೆ? ಸಿಕ್ಕಷ್ಟಕ್ಕೆ ಹಾಡನ್ನೇ ತುಂಡು ಮಾಡ್ಕೋತೀನಿ" ಅನ್ನುತ್ತಾಳೆ.

ಈ ಉತ್ತರದಲ್ಲಿ ಇಡೀ ಕಸುಬು ಇದೆ. ಹಾಡನ್ನು ಬಿಡಿಸಿ, ಒಂದೊಂದು ಭಾಗವನ್ನು ಒಂದೊಂದು ದಿನ ಹಿಡಿದು, ಆಮೇಲೆ ಬೆಸುಗೆ ಕಾಣದಂತೆ ಕೂಡಿಸುವುದು. ಈಗ ಸಲೀಸಾಗಿ ಕಾಣುವ ಈ ಅನುಕೂಲ ಬಹಳ ಹಳೆಯದೇನಲ್ಲ.

1902ರಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದದ್ದು ಹೋಟೆಲ್ ಕೋಣೆಯಲ್ಲಿ. ಕಹಳೆಯೊಂದಕ್ಕೆ ಮುಖ ಕೊಟ್ಟು, ಸುಮಾರು ಮೂರು ನಿಮಿಷದಲ್ಲಿ ಪೂರ್ತಿ ಹಾಡು ಮುಗಿಸಬೇಕು. ಕೊನೆಯ ಸಾಲಿನಲ್ಲಿ ಕೆಮ್ಮು ಬಂದರೆ ಆ ಮೇಣದ ತಟ್ಟೆ ದಂಡ. ಆಮೇಲೆ ಕರೆಂಟಿನ ಮೈಕು ಬಂತು, ಸ್ಟುಡಿಯೊಗಳು ಬಂದವು. ಆದರೂ ಹಾಡುವವರು, ನುಡಿಸುವವರು ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರಲೇಬೇಕೆಂಬ ನಿಯಮ ಬಹುಕಾಲ ಉಳಿಯಿತು.

ಅದನ್ನು ಮುರಿದವರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ದೊಡ್ಡ ಹೆಸರು. 1948ರಲ್ಲಿ ಹೊರಬಂದ ‘ಲವರ್’ ಎಂಬ ಅವನ ತಟ್ಟೆಯಲ್ಲಿ ಕೇಳುವ ಎಂಟು ಗಿಟಾರುಗಳನ್ನೂ ನುಡಿಸಿದವನು ಅವನೇ, ಅದೂ ಮನೆಯ ಗ್ಯಾರೇಜಿನಲ್ಲಿ. ಮೊದಲು ಮುದ್ರಿಸಿದ ತಟ್ಟೆಯನ್ನು ಹಾಕಿ, ಅದರ ಜೊತೆ ನುಡಿಸುತ್ತಾ ಎರಡನ್ನೂ ಹೊಸ ತಟ್ಟೆಗೆ ಇಳಿಸುವುದು. ಮತ್ತೆ ಅದರ ಮೇಲೆ ಇನ್ನೊಂದು. ಏಳನೆಯ ಸುತ್ತಿನಲ್ಲಿ ಬೆರಳು ತಪ್ಪಿದರೆ ಆ ಸುತ್ತೇ ಹಾಳು. ಮರುವರ್ಷ ಗಾಯಕ ಬಿಂಗ್ ಕ್ರಾಸ್ಬಿ ಒಂದು ಆಂಪೆಕ್ಸ್ ಟೇಪ್ ರೆಕಾರ್ಡರ್ ಕೊಟ್ಟ. ಲೆಸ್ ಪಾಲ್ ಅದಕ್ಕೆ ಇನ್ನೊಂದು ಹೆಡ್ ಸೇರಿಸಿ, ಹೆಂಡತಿ ಮೇರಿ ಫೋರ್ಡ್ ಜೊತೆ ಹೋದೂರಿನ ಹೋಟೆಲ್ ಕೋಣೆಗಳಲ್ಲೂ ಕೆಲಸ ಮಾಡತೊಡಗಿದ. ಒಂದು ಹಾಡಿನ ಭಾಗಗಳು ಬೇರೆಬೇರೆ ದಿನ ಹುಟ್ಟಬಹುದು ಎಂಬುದು ಆಗ ಖಾತ್ರಿಯಾಯಿತು.

ನನಗೆ ಹೆಚ್ಚು ಹಿಡಿಸುವ ಕಥೆ ಟಾಮ್ ಶೋಲ್ಜ್‌ನದು. ಎಂಐಟಿಯಲ್ಲಿ ಓದಿದ ಮೆಕ್ಯಾನಿಕಲ್ ಇಂಜಿನಿಯರ್. ಹಗಲು ಪೋಲರಾಯ್ಡ್ ಕಂಪನಿಯಲ್ಲಿ ನೌಕರಿ, ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ಗಿಟಾರು, ಆರ್ಗನ್ನು, ಟೇಪು. ಸಂಬಳದ ಬಹುಪಾಲು ಆ ಮಾಳಿಗೆಗೆ ಇಳಿಯುತ್ತಿತ್ತು. ವರ್ಷಗಟ್ಟಲೆ ಹೀಗೆ ಒಂದೊಂದೇ ವಾದ್ಯ ಸೇರಿಸುತ್ತಾ ಮಾಡಿದ ಹಾಡುಗಳು ಕಡೆಗೆ ದೊಡ್ಡ ರೆಕಾರ್ಡ್ ಕಂಪನಿಯ ಕಿವಿಗೆ ಬಿದ್ದವು. ಕಂಪನಿ ಒಪ್ಪಿತು, ಆದರೆ ಎಲ್ಲವನ್ನೂ ಸರಿಯಾದ ಸ್ಟುಡಿಯೊದಲ್ಲಿ ಮತ್ತೆ ರೆಕಾರ್ಡ್ ಮಾಡಿ ಎಂದಿತು. ನಿರ್ಮಾಪಕ ಜಾನ್ ಬಾಯ್ಲನ್ ಶೋಲ್ಜ್‌ನ ತಂಡದ ಉಳಿದವರನ್ನು ಲಾಸ್ ಏಂಜಲೀಸಿಗೆ ಕರೆದೊಯ್ದು ಕಂಪನಿಯ ಕಣ್ಣು ಅತ್ತ ಇರುವಂತೆ ನೋಡಿಕೊಂಡ. ಇತ್ತ ಶೋಲ್ಜ್ ತನ್ನ ಮಾಳಿಗೆಯಲ್ಲೇ ಕೂತು ಹೆಚ್ಚಿನ ಕೆಲಸ ಮುಗಿಸಿದ. 1976ರಲ್ಲಿ ‘ಬಾಸ್ಟನ್’ ಹೆಸರಿನಲ್ಲಿ ಬಂದ ಆ ಆಲ್ಬಮ್ ಅಮೆರಿಕ ಒಂದರಲ್ಲೇ ಕೋಟಿಗೂ ಮೀರಿ ಮಾರಾಟವಾಯಿತು. ಮಾರಾಟದ ಮಾತು ಹಾಗಿರಲಿ, ಗಡಿಯಾರ ನೋಡಿ ಕಾರ್ಡು ಗುದ್ದುವ ನೌಕರನೊಬ್ಬ ರಾತ್ರಿಗಳನ್ನು ಜೋಡಿಸಿ ಹಾಡು ಕಟ್ಟಿದನಲ್ಲ, ನನ್ನ ಕಣ್ಣು ಇರುವುದು ಅಲ್ಲಿ.

ನಮ್ಮಲ್ಲಿ ಸುಗಮ ಸಂಗೀತ ಬೆಳೆದದ್ದೂ ನೌಕರಿಯ ಜೊತೆಜೊತೆಗೆ. ಸಿ. ಅಶ್ವತ್ಥ್ ಐಟಿಐ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಅಷ್ಟೊಂದು ಕವಿತೆಗಳನ್ನು ಮನೆಮನೆಗೆ ತಲುಪಿಸಿದವರು. ಆದರೆ ಆಗ ಕ್ಯಾಸೆಟ್ ಬರಬೇಕೆಂದರೆ ಸ್ಟುಡಿಯೊದಲ್ಲಿ ದಿನ ಗೊತ್ತುಮಾಡಿ, ವಾದ್ಯದವರನ್ನು ಕಲೆಹಾಕಿ, ರಜೆ ಬರೆದು ಹೋಗಬೇಕಿತ್ತು. ಗೆಳತಿಗೆ ಆ ರಜೆ ಸಿಗುವುದಿಲ್ಲ. ಅವಳಿಗೆ ಸಿಗುವುದು ಬೆಳಗಿನ ಜಾವ ಹಾಲಿನ ಗಾಡಿ ಬರುವ ಮುಂಚಿನ ಅರ್ಧ ಗಂಟೆ, ಅಥವಾ ಮಗಳು ಟ್ಯೂಷನ್ನಿಗೆ ಹೋದ ಭಾನುವಾರದ ಒಂದು ತುಣುಕು.

ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ವಯರ್ ಹುಡುಕುವುದಕ್ಕೇ ಹೋದರೆ ಹಾಡುವುದು ಯಾವಾಗ? ಅದಕ್ಕೇ ಅವಳ ಮೈಕು ಸ್ಟ್ಯಾಂಡಿನಿಂದ ಇಳಿಯುವುದಿಲ್ಲ. ಮಲಗುವ ಕೋಣೆಯ ಬೀರುವಿನ ಪಕ್ಕ, ಹಳೆಯ ದಿಂಬಿನ ಕವರು ಹೊದ್ದು ಸದಾ ನಿಂತಿರುತ್ತದೆ. ಧೂಳು ಕೂರಬಾರದು ಎಂದಷ್ಟೇ ಕವರು. ನೋಡಿದ ನೆಂಟರೆಲ್ಲ ಏನಿದು ಎಂದು ಕೇಳಿಯೇ ಕೇಳುತ್ತಾರೆ. ವಯರು ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಇಂಟರ್‌ಫೇಸಿಗೆ ಚುಚ್ಚಿಯೇ ಇರುತ್ತದೆ. ಆ ಪುಟ್ಟ ಡಬ್ಬಿಯ ಮೇಲೆ ದನಿಯ ಮಟ್ಟ ಏರಿಳಿಸುವ ಗೇನ್ ಗುಂಡಿಯ ಸುತ್ತ ಕೆಂಪು ನೇಲ್ ಪಾಲಿಶಿನ ಚುಕ್ಕೆಗಳಿವೆ: ಒಂಟಿ ಚುಕ್ಕೆ ದನಿಗೆ, ಜೋಡಿ ಚುಕ್ಕೆ ಹಾರ್ಮೋನಿಯಂಗೆ. ನೆಲದ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ಎರಡು ಗೆರೆ, ಪಾದ ಇಡುವ ಜಾಗ. ತುಟಿಗೂ ಮೈಕಿಗೂ ನಡುವೆ ಒಂದು ಚೋಟು. ಹೆಬ್ಬೆರಳು ಗಲ್ಲಕ್ಕೆ, ತೋರುಬೆರಳು ಮೈಕಿಗೆ ತಾಗಿಸಿ ಅಳೆದು ನಿಲ್ಲುತ್ತಾಳೆ. ಲ್ಯಾಪ್‌ಟಾಪಿನಲ್ಲಿ ‘ಖಾಲಿ ಹಾಡು’ ಎಂಬ ಹೆಸರಿನ ಫೈಲು; ಅದನ್ನು ತೆರೆದರೆ ಶ್ರುತಿ, ತಾಳ, ದನಿ, ಹಾರ್ಮೋನಿಯಂ ಎಲ್ಲಕ್ಕೂ ಸಾಲುಗಳು ಸಿದ್ಧವಾಗಿರುತ್ತವೆ. ಹೆಸರು ಬದಲಿಸಿ ಉಳಿಸಿದರೆ ಮುಗಿಯಿತು, ಕೆಂಪು ಗುಂಡಿ ಒತ್ತುವುದೇ ಬಾಕಿ.

ಇದೆಲ್ಲ ಸಮಯ ಉಳಿಸುವ ಅಚ್ಚುಕಟ್ಟು ಎಂದು ಮೇಲುನೋಟಕ್ಕೆ ಕಾಣುತ್ತದೆ. ಒಳಗೆ ಇನ್ನೊಂದು ಕಾರಣವಿದೆ. ಮಂಗಳವಾರ ಹಾಡಿದ ಪಲ್ಲವಿಯೂ ಶನಿವಾರ ಹಾಡಿದ ಚರಣವೂ ಒಂದೇ ಉಸಿರಿನಲ್ಲಿ ಹಾಡಿದಂತೆ ಕೇಳಬೇಕು. ಬಾಯಿಗೂ ಮೈಕಿಗೂ ಇರುವ ದೂರ ಎರಡು ಪಟ್ಟಾದರೆ ನೇರ ದನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಗ ಹಾಡುವವಳು ದೂರ ಸರಿದಂತೆ ಕೇಳಿಸುತ್ತದೆ. ತೀರ ಹತ್ತಿರ ಬಂದರೆ ಬೇರೆ ಪೇಚು: ಒಂದೇ ದಿಕ್ಕಿನಿಂದ ಕೇಳಿಸಿಕೊಳ್ಳುವ ಮೈಕುಗಳು ಹತ್ತಿರದ ದನಿಯ ಮಂದ್ರವನ್ನು ಉಬ್ಬಿಸುತ್ತವೆ, ಹೆಣ್ಣುದನಿಗೂ ಎದೆಯ ಗಡಸು ಬರುತ್ತದೆ. ಮಟ್ಟದ ಏರುಪೇರನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ದನಿಯ ಬಣ್ಣ ಬದಲಾದರೆ ಅಷ್ಟು ಸುಲಭವಲ್ಲ. ಟೇಪಿನ ಗೆರೆ, ನೇಲ್ ಪಾಲಿಶಿನ ಚುಕ್ಕೆ, ಚೋಟಿನ ಅಳತೆ ಇವೆಲ್ಲ ಬೇರೆಬೇರೆ ದಿನಗಳನ್ನು ಒಂದೇ ದಿನವಾಗಿಸಲು.

ಗೇನ್ ಎಷ್ಟಿಡಬೇಕು ಎಂಬ ಬಗ್ಗೆ ಹೊಸಬರಿಗೆ ಒಂದು ಹಳೆಯ ಹೆದರಿಕೆ ಇರುತ್ತದೆ, ಮೀಟರು ಮೇಲಿನವರೆಗೆ ಹೋಗದಿದ್ದರೆ ದನಿ ಸಣ್ಣದಾಗುತ್ತದೆ ಎಂದು. ಟೇಪಿನ ಕಾಲಕ್ಕೆ ಅದು ಸರಿ. ಟೇಪಿಗೇ ತನ್ನದೊಂದು ಶ್‌ ಎಂಬ ಸದ್ದಿತ್ತು. ಈಗಿನ 24 ಬಿಟ್ ಮುದ್ರಣದಲ್ಲಿ ಆ ತೊಂದರೆ ಇಲ್ಲ. ಗಟ್ಟಿಯಾಗಿ ತಾರಸ್ಥಾಯಿಗೆ ಹೋದಾಗಲೂ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಇದ್ದರೆ ಸಾಕು. ಮೀಟರಿನ ತುದಿಯಾದ ಸೊನ್ನೆ ದಾಟಿ ಒಡೆದ ದನಿಯನ್ನು ಮತ್ತೆ ನೆಟ್ಟಗೆ ಮಾಡುವುದು ಕಷ್ಟ.

ಇನ್ನು ಮನೆಯ ಸದ್ದುಗಳು. ಎಲ್ಲ ಸದ್ದೂ ಒಂದೇ ಥರದ ಶತ್ರುವಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು; ಇನ್ವರ್ಟರು, ಟ್ಯೂಬ್‌ಲೈಟಿನ ಚೋಕು, ಫ್ರಿಜ್ ಇವುಗಳ ಗುಂಯ್‌ಗುಡುವಿಕೆ ಅಲ್ಲಿಂದ ಮೇಲೆ 100, 150 ಹೀಗೆ ಹಬ್ಬುತ್ತದೆ. ದೂರದ ಲಾರಿಯ ಗುಡುಗೂ ಆ ತಳದಲ್ಲೇ. ಹೆಣ್ಣುದನಿಯ ಮೂಲಸ್ವರ ಬಹುಮಟ್ಟಿಗೆ ಇದಕ್ಕಿಂತ ಮೇಲಿರುವುದರಿಂದ 80 ಹರ್ಟ್ಸಿನ ಕೆಳಗಿನದನ್ನೆಲ್ಲ ಫಿಲ್ಟರ್ ಹಾಕಿ ಕತ್ತರಿಸಿದರೂ ಹಾಡಿಗೆ ನಷ್ಟವಿಲ್ಲ. ಜೀರುಂಡೆಯದು ಬೇರೆ ವಿಷಯ. ಅದರ ಕೂಗು ಕೆಲವು ಸಾವಿರ ಹರ್ಟ್ಸಿನ ಎತ್ತರದಲ್ಲಿ, ನಮ್ಮ ಸ, ಶ, ಚ ಅಕ್ಷರಗಳು ಮಿಂಚುವ ಜಾಗದಲ್ಲೇ ಕೂತಿರುತ್ತದೆ. ಅದನ್ನು ಕತ್ತರಿಸಲು ಹೋದರೆ ‘ಸಂಜೆ’ ಎಂಬ ಮಾತು ಮೊಂಡಾಗುತ್ತದೆ. ಲಾರಿಯನ್ನು ಸಹಿಸಬಹುದು, ಜೀರುಂಡೆಯನ್ನಲ್ಲ ಎಂದು ಅವಳು ಹೇಳಿದಾಗ ನಕ್ಕಿದ್ದೆ. ಲೆಕ್ಕ ನೋಡಿದರೆ ಅವಳೇ ಸರಿ.

ಶಿವಮೊಗ್ಗದ ಮಳೆಯನ್ನು ಬಲ್ಲವರಿಗೆ ಜುಲೈ, ಆಗಸ್ಟಿನಲ್ಲಿ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮಹಡಿಯ ತಗಡಿನ ಮೇಲೆ ಹನಿ ಬೀಳತೊಡಗಿದರೆ ಅದಕ್ಕೆ ತಳವೂ ಇಲ್ಲ, ಮೇಲೂ ಇಲ್ಲ, ಎಲ್ಲ ಎತ್ತರದಲ್ಲೂ ಹರಡಿಕೊಂಡ ಸದ್ದು. ಆ ತಿಂಗಳುಗಳಲ್ಲಿ ಅವಳು ದನಿಯ ಕೆಲಸವನ್ನೇ ಇಟ್ಟುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಹಾಡಿಟ್ಟದ್ದನ್ನು ಮಳೆಗಾಲದಲ್ಲಿ ತಿದ್ದುತ್ತಾಳೆ. ಬೇಸಿಗೆಯ ಕಷ್ಟ ಬೇರೆ: ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಹತ್ತು ನಿಮಿಷ ನಿಂತರೆ ಬೆವರು ಕಣ್ಣಿಗಿಳಿಯುತ್ತದೆ. ಚಳಿಗಾಲದ ಜಾವವೇ ಅವಳಿಗೆ ಸುಗ್ಗಿ.

ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರಿಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಟರ್ರ್ ಎಂದು ಚಪ್ಪಾಳೆಯ ಬಾಲ ಕೇಳಿಸಿದರೆ ಅಲ್ಲಿ ಹಾಡಬೇಡಿ. ಹತ್ತಿಯ ಹಾಸಿಗೆ, ಕಂಬಳಿ, ಸೀರೆ ತುಂಬಿದ ಬೀರು ಇದ್ದರೆ ಅರ್ಧ ಕೆಲಸ ಆದಂತೆ. ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಮೈಕು ನಿಮ್ಮನ್ನೂ ನಿಮ್ಮ ಹಿಂದಿರುವುದನ್ನೂ ನೋಡುತ್ತಿರುತ್ತದಲ್ಲ. ಮೈಕಿನ ಕಿವುಡಾದ ಬೆನ್ನು ಕಿಟಕಿಯ ಕಡೆಗಿರಲಿ. ಮೊಟ್ಟೆಯ ಟ್ರೇ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆ ಎಂಬ ನಂಬಿಕೆ ಯಾವ ಕಾಲಕ್ಕೆ ಸಾಯುತ್ತದೋ. ಒಳಗಿನ ಮಾರ್ದನಿಯನ್ನು ಹೀರುವುದು ಬಟ್ಟೆಯ ಕೆಲಸ, ಹೊರಗಿನ ಸದ್ದನ್ನು ತಡೆಯುವುದು ತೂಕದ ಗೋಡೆಯ ಕೆಲಸ. ಟ್ರೇ ಎರಡರಲ್ಲೂ ಸೋಲುತ್ತದೆ.

ಹಾಡುವಾಗ ಶ್ರುತಿ ಹೆಡ್‌ಫೋನಿನಲ್ಲಿ ಮಾತ್ರ. ತಂಬೂರಿಯನ್ನು ಕೋಣೆಯಲ್ಲಿ ನುಡಿಸಿದರೆ ಅದು ದನಿಯೊಂದಿಗೆ ಬೆರೆತುಬಿಡುತ್ತದೆ, ಮುಂದೆ ಬಿಡಿಸಲಾಗದು. ಮನೆಯಲ್ಲಿ ಒಬ್ಬಂಟಿಯಾಗಿ ಸಾಧನೆ ಮಾಡುವವರ ಪಾಲಿಗೆ ಎಲೆಕ್ಟ್ರಾನಿಕ್ ತಂಬೂರಿ ಎಷ್ಟು ದೊಡ್ಡ ಉಪಕಾರ ಎಂಬುದು ಅದರ ಜೊತೆ ಹಾಡಿದವರಿಗೇ ಗೊತ್ತು. ಅದನ್ನು ರೂಪಿಸಿ ಸಂಗೀತಗಾರರ ಮನೆಗಳಿಗೆ ತಲುಪಿಸಿದವರಲ್ಲಿ ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಪ್ರಮುಖರು, ಕೊಳಲು ವಾದಕರೂ ಆದ ಇಂಜಿನಿಯರ್. ಈಗ ಅದೂ ಮೊಬೈಲಿನೊಳಗೆ ಸೇರಿಕೊಂಡಿದೆ. ಹೆಡ್‌ಫೋನು ಮಾತ್ರ ವಯರಿನದೇ ಆಗಬೇಕು. ಬ್ಲೂಟೂತಿನಲ್ಲಿ ತಾಳ ಕಿವಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ, ನೀವು ಆ ತಡಕ್ಕೇ ಹೊಂದಿಕೊಂಡು ಹಾಡುತ್ತೀರಿ. ಕಂಪ್ಯೂಟರಿನೊಳಗಿನ ತಡವನ್ನೂ ಲೆಕ್ಕ ಹಾಕಬಹುದು: ಸೆಕೆಂಡಿಗೆ 48,000 ಮಾದರಿಗಳ ಮುದ್ರಣದಲ್ಲಿ ಕಂಪ್ಯೂಟರ್ ಒಮ್ಮೆಗೆ ಹಿಡಿಯುವ ಗುಂಪು, ಅಂದರೆ ಬಫರ್, 128 ಇದ್ದರೆ ಒಂದು ಬಾರಿಗೆ 2.7 ಮಿಲಿಸೆಕೆಂಡು. ಹೋಗಿಬರುವುದೆಲ್ಲ ಸೇರಿ ಹತ್ತರೊಳಗಿದ್ದರೆ, ಪಕ್ಕವಾದ್ಯದವರು ಮೂರು ಮೀಟರ್ ಆಚೆ ಕೂತು ನುಡಿಸಿದಷ್ಟೇ ತಡ. ಅಷ್ಟಕ್ಕೆ ಯಾರ ಲಯವೂ ಕೆಡುವುದಿಲ್ಲ.

ಅವಳ ಜಾಣತನ ನನಗೆ ಪೂರ್ತಿ ಅರ್ಥವಾದದ್ದು ಕೆಲಸಗಳನ್ನು ವಿಂಗಡಿಸಿರುವ ಬಗೆಯನ್ನು ಕಂಡಾಗ. ಮೌನ ಬೇಕಾದ ಕೆಲಸ, ಮೌನ ಬೇಡದ ಕೆಲಸ ಎಂದು ಎರಡೇ ಜಾತಿ. ಮೌನ ಬೇಕಾದದ್ದು ಹಾಡುವುದು, ಹಾರ್ಮೋನಿಯಂ ನುಡಿಸುವುದು ಎರಡೇ. ಉಳಿದದ್ದಕ್ಕೆಲ್ಲ ಕುಕ್ಕರ್ ಕೂಗಿದರೂ ಅಡ್ಡಿಯಿಲ್ಲ, ಎದುರುಮನೆಯ ಟೀವಿ ಸೀರಿಯಲ್ಲೂ ಅಡ್ಡಿಯಿಲ್ಲ. ಹಾಗಾಗಿ ಬೆಳಗಿನ ಆ ಅರ್ಧ ಗಂಟೆಯಲ್ಲಿ ಅವಳು ಹಾಡಿದ್ದನ್ನು ಕೇಳುವುದೇ ಇಲ್ಲ. ಒಂದು ಸಾಲನ್ನು ಮೂರು ಸಲ ಹಾಡಿ ಎದ್ದುಬಿಡುತ್ತಾಳೆ, ನಾಲ್ಕನೆಯ ಸಲ ಇಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಇಯರ್‌ಫೋನ್ ಹಾಕಿ ಕೇಳುತ್ತಾ, ಹಾಡಿನ ಸಾಲುಗಳನ್ನು ಬರೆದ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾಳೆ: ಮೊದಲರ್ಧ ಎರಡನೆಯ ಸಲದ್ದು, ಕೊನೆಯ ಪದ ಮೂರನೆಯದು. ಜೊತೆಗಿನವರು ಪೇಪರ್ ತಿದ್ದುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ರಾತ್ರಿ ಅನ್ನ ಬೇಯುವ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು, ಆ ಗುರುತುಗಳಂತೆ ಕತ್ತರಿಸಿ ಕೂಡಿಸುತ್ತಾಳೆ.

ಈ ಕತ್ತರಿಸುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿದೆ. ಪರದೆಯ ಮೇಲೆ ದನಿಯ ಅಲೆಯನ್ನು ಹಿಗ್ಗಿಸಿದರೆ ಪ್ರತಿ ಅಕ್ಷರವೂ ಆಕಾರವಾಗಿ ಕಾಣುತ್ತದೆ. ಎಳೆದು ಹಾಡಿದ ಆಕಾರ, ಈಕಾರ ಉದ್ದನೆಯ ದಿಂಡು. ಅದರ ನಡುವೆ ಗಮಕವಿದ್ದರಂತೂ ಅಲ್ಲಿ ಕತ್ತರಿ ಆಡಿಸುವಂತಿಲ್ಲ, ಬೆಸೆದ ಕಡೆ ಕಿವಿ ಎಡವುತ್ತದೆ. ಸ, ಶ ಅಕ್ಷರಗಳಲ್ಲಿ ಉಸಿರಿನ ಗರಿ. ಕ, ತ, ಪ ಬಂದಲ್ಲಿ ಮಾತ್ರ ಅಲೆ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ: ಬಾಯಿ ಮುಚ್ಚಿ ಉಸಿರು ತಡೆದು ಬಿಡುವ ಅಕ್ಷರಗಳು ಅವು. ಒತ್ತು ಸೇರಿ ‘ಬೆಟ್ಟ’, ‘ಅಕ್ಕ’, ‘ಮುತ್ತು’ ಆದರೆ ಆ ನಿಲುಗಡೆ ಇನ್ನೂ ಉದ್ದ. ಅವಳು ಹುಡುಕುವುದು ಆ ಸಂದನ್ನೇ. ‘ಬೆ’ ಒಂದು ದಿನದ್ದು, ‘ಟ್ಟ’ ಇನ್ನೊಂದು ದಿನದ್ದು. ನಡುವೆ ಹತ್ತು ಮಿಲಿಸೆಕೆಂಡಿನ ಕ್ರಾಸ್‌ಫೇಡ್, ಒಂದು ಕಡೆ ಇಳಿಯುತ್ತಾ ಇನ್ನೊಂದು ಕಡೆ ಏರುವ ಬೆಸುಗೆ. ಮತ್ತೆ ಮತ್ತೆ ಕೇಳಿದರೂ ಜಾಗ ಸಿಗಲಿಲ್ಲ. ನಮ್ಮ ದ್ವಿತ್ವಾಕ್ಷರಗಳು ರೆಕಾರ್ಡಿಂಗಿಗೆ ಇಷ್ಟು ಒದಗಿಬರುತ್ತವೆ ಎಂದು ನಾನು ಎಣಿಸಿರಲಿಲ್ಲ. ಒಂದು ಎಚ್ಚರಿಕೆಯನ್ನು ಅವಳೇ ಕೊಟ್ಟಳು. ಉಸಿರೆಳೆದುಕೊಳ್ಳುವ ಸದ್ದನ್ನೆಲ್ಲ ಅಳಿಸಿಬಿಟ್ಟರೆ ಹಾಡು ಯಂತ್ರದ್ದಾಗುತ್ತದೆ. ಉಸಿರನ್ನು ಅದರ ಮುಂದಿನ ಸಾಲಿನ ಜೊತೆಗೇ ಇಡಬೇಕು, ಬೇರೆ ದಿನದ ಉಸಿರು ತಂದು ಅಂಟಿಸಬಾರದು.

ಸಮಯವನ್ನು ಕದಿಯುವ ಕಳ್ಳ ಈ ಹವ್ಯಾಸದ ಒಳಗೇ ಇದ್ದಾನೆ, ಅವನೇ ಶಾಪಿಂಗ್. ಯಾವ ಮೈಕು, ಯಾವ ಪ್ಲಗಿನ್ನು ಎಂದು ವಿಡಿಯೊ ನೋಡುತ್ತಾ ಕೂತರೆ ಹಾಡುವ ಅರ್ಧ ಗಂಟೆ ಎಲ್ಲಿ ಹೋಯಿತೆಂದು ತಿಳಿಯದು. ಅಂಥವರಿಗೆ ಬ್ರೂಸ್ ಸ್ಪ್ರಿಂಗ್‌ಸ್ಟೀನನ ‘ನೆಬ್ರಾಸ್ಕ’ ಆಲ್ಬಮ್ಮಿನ ಕಥೆ ಹೇಳಬೇಕು. 1979ರಲ್ಲಿ ಬಂದ ಪೋರ್ಟಾಸ್ಟುಡಿಯೊ ಸಾದಾ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಬರೆಯುತ್ತಿದ್ದ ಪೆಟ್ಟಿಗೆ. 1982ರ ಜನವರಿಯಲ್ಲಿ ಅವನು ನ್ಯೂಜೆರ್ಸಿಯ ಮನೆಯ ಮಲಗುವ ಕೋಣೆಯಲ್ಲಿ ಅದನ್ನೂ ಎರಡು ಶೂರ್ ಎಸ್ಎಂ57 ಮೈಕುಗಳನ್ನೂ ಇಟ್ಟುಕೊಂಡು ಹಾಡಿದ. ತಂಡಕ್ಕೆ ಕೇಳಿಸಲು ಮಾಡಿದ ಕಚ್ಚಾ ಪ್ರತಿ ಅದು. ಡಬ್ಬಿಯೂ ಇಲ್ಲದ ಆ ಕ್ಯಾಸೆಟ್ಟನ್ನು ಜೇಬಿನಲ್ಲಿ ಹಾಕಿಕೊಂಡು ತಿರುಗುತ್ತಿದ್ದ. ಮುಂದೆ ದೊಡ್ಡ ಸ್ಟುಡಿಯೊದಲ್ಲಿ ತಂಡದೊಂದಿಗೆ ಪ್ರಯತ್ನಿಸಿದಾಗ ಆ ಹಾಡುಗಳ ಜೀವ ಬರಲಿಲ್ಲ. ಕಡೆಗೆ ಆ ಕ್ಯಾಸೆಟ್ಟಿನ ಹಾಡುಗಳೇ ಅದೇ ವರ್ಷ ಆಲ್ಬಮ್ ಆಗಿ ಹೊರಬಂದವು. ಎಸ್ಎಂ57 ಈಗಲೂ ಸಾಧಾರಣ ಬೆಲೆಯ ಮೈಕೇ. ಸಾಫ್ಟ್‌ವೇರಿನ ಮಾತಿಗೆ ಬಂದರೆ 2000ದಿಂದ ಆಡಾಸಿಟಿ ಪುಕ್ಕಟೆ ಸಿಗುತ್ತಿದೆ. ಲೆಸ್ ಪಾಲ್ ತನ್ನ ಗ್ಯಾರೇಜಿನಲ್ಲಿ ಎಣಿಸಲೂ ಸಾಧ್ಯವಿಲ್ಲದಷ್ಟು ಟ್ರ್ಯಾಕುಗಳು ಅದರಲ್ಲಿವೆ. ಗೆಳತಿ ಮಾತ್ರ ಆರೇಳಕ್ಕಿಂತ ಹೆಚ್ಚು ಬಳಸಿದ್ದನ್ನು ನಾನು ಕಂಡಿಲ್ಲ.

ತಬಲಾ ಅವಳಿಗೆ ಬರುವುದಿಲ್ಲ. ಅದನ್ನು ನುಡಿಸುವವರು ಧಾರವಾಡದಲ್ಲಿದ್ದಾರೆ, ಅವರಿಗೂ ಒಂದು ನೌಕರಿ, ಅವರದೂ ಒಂದು ಬೀರು. ಶ್ರುತಿ, ತಾಳದ ಟಕಟಕ, ಕಚ್ಚಾ ದನಿ ಮೂರನ್ನೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ಬೇರೆಬೇರೆ ಫೈಲು ಮಾಡಿ ಕಳಿಸುತ್ತಾಳೆ. ಅವರು ತಮ್ಮ ಬಿಡುವಿನಲ್ಲಿ ನುಡಿಸಿ, ಅದನ್ನೂ ಸೊನ್ನೆಯಿಂದಲೇ ಶುರುಮಾಡಿ ವಾಪಸು ಕಳಿಸುತ್ತಾರೆ. ಇಲ್ಲಿ ಎಡತುದಿಗೆ ಸೇರಿಸಿದರೆ ಸಮ ಸಮಕ್ಕೇ ಬೀಳುತ್ತದೆ. ಎರಡೂ ಕಡೆ ಸೆಕೆಂಡಿಗೆ 48,000 ಮಾದರಿ ಎಂದೇ ಇರಬೇಕೆಂಬುದು ಒಪ್ಪಂದ. ಒಬ್ಬರು 44,100ರಲ್ಲಿ ಮುದ್ರಿಸಿದ್ದನ್ನು ಇನ್ನೊಬ್ಬರ ಯಂತ್ರ 48,000 ಎಂದು ಓದಿಬಿಟ್ಟರೆ ನಡೆ ಚುರುಕಾಗಿ, ಶ್ರುತಿ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು ಮೇಲೇರಿ ಕೂರುತ್ತದೆ.

ಕಳೆದ ವಾರ ಧಾರವಾಡದಿಂದ ಹೊಸ ಹಾಡಿನ ಫೈಲು ಬಂತು. ಜೊತೆಗೆ ಒಂದು ವಾಯ್ಸ್ ಮೆಸೇಜು: ತಬಲಾ ಎಲ್ಲ ಕುಂತದರಿ, ಆದ್ರ ಎರಡನೇ ಚರಣಕ್ಕ ಲಯ ಸ್ವಲ್ಪ ಇಳಿಸಿದ್ರ ಮಾತು ಚಂದ ಕೇಳ್ತಾವು. ಅವಳು ಎರಡು ದಿನ ಯೋಚಿಸಿ ಒಪ್ಪಿದಳು. ಹಾಗೆಂದರೆ ಆ ಚರಣವನ್ನು ಮೊದಲಿನಿಂದ ಹಾಡಬೇಕು, ಹಾರ್ಮೋನಿಯಂ ಕೂಡ ಮತ್ತೆ ನುಡಿಸಬೇಕು. ಮಗಳ ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದಿದ್ದಾಳೆ.